ಕೈ ನೀಡಿದವನಿಗೆ ಕಾನೂನಿನ ಆಸರೆ



ಶಾಲೆಯ ಸ್ಕೌಟ್ ದಳದ ನೆನಪುಗಳನ್ನು ಕುರಿತು ಹಿಂದೊಮ್ಮೆ ಇಲ್ಲಿ ಬರೆದಿದ್ದೆ. ತ್ರಿಕೋನಾಕಾರದ ಬಟ್ಟೆಯಿಂದ ಮುರಿದ ತೋಳನ್ನು ಕೊರಳಿಗೆ ತೂಗುಹಾಕುವುದು, ಕಾಲಿಗೆ ಬಿದಿರಿನ ದಬ್ಬೆ ಕಟ್ಟುವುದು, ಎರಡು ಕೋಲು ಮತ್ತು ಒಂದು ಕಂಬಳಿಯಿಂದ ಡೋಲಿ ಮಾಡುವುದು, ಇವೆಲ್ಲವನ್ನೂ ಆಗ ಹುಡುಗರು ಆಟವೆಂಬಂತೆ ಕಲಿಯುತ್ತಿದ್ದರು. ಆ ಬರಹವನ್ನು ಓದಿದ ಹಳೆಯ ವಿದ್ಯಾರ್ಥಿಯೊಬ್ಬ ಹೀಗೆ ಬರೆದಿದ್ದಾನೆ: "ಸರ್, ನೀವು ಕಲಿಸಿದ ಪಟ್ಟಿ ಕಟ್ಟುವುದು ಇನ್ನೂ ಕೈಗೆ ಬರುತ್ತದೆ. ಆದರೆ ರಸ್ತೆಯಲ್ಲಿ ಯಾರಾದರೂ ಬಿದ್ದಿದ್ದರೆ ಕಟ್ಟುವ ಧೈರ್ಯ ಬರುವುದಿಲ್ಲ. ಕೇಸಿನಲ್ಲಿ ಸಿಕ್ಕಿಕೊಂಡರೆ ಗತಿಯೇನು?"

ಪ್ರಶ್ನೆ ನ್ಯಾಯವಾದದ್ದು. ಇದನ್ನು ಕೇಳಿದವನು ಹೃದಯಹೀನನಲ್ಲ. ಮಕ್ಕಳೊಂದಿಗ, ಸಂಬಳದಾರ, ಮರ್ಯಾದಸ್ಥ. ಅವನಿಗೆ ಒಂದು ಸಾಲಿನ ಉತ್ತರ ಬರೆದು ಕೈತೊಳೆದುಕೊಳ್ಳುವ ಬದಲು, ಈ ವಿಷಯದಲ್ಲಿ ನಾನು ಓದಿ ತಿಳಿದುಕೊಂಡದ್ದನ್ನೂ ಕಣ್ಣಾರೆ ಕಂಡದ್ದನ್ನೂ ನಿಮ್ಮೆಲ್ಲರ ಮುಂದಿಡುವುದು ಲೇಸೆಂದು ತೋರಿತು.

ಮೊದಲು ಕಂಡದ್ದನ್ನು ಹೇಳುತ್ತೇನೆ. 1990ರ ದಶಕದ ಆರಂಭ. ನಾನು ಆಗ ಮಸರಕಲ್ಲಿನಲ್ಲಿದ್ದೆ. ಯುಗಾದಿ ಕಳೆದ ಬಿರುಬೇಸಿಗೆಯ ಒಂದು ಸಂಜೆ, ಊರಿನ ಒಬ್ಬ ಕೂಲಿಕಾರ ಯುವಕ ಎತ್ತಿನ ಗಾಡಿಯಲ್ಲಿ ಹೊಟ್ಟು ಹೇರಿಕೊಂಡು ಬರುತ್ತಿದ್ದಾಗ, ರಸ್ತೆಯ ಮಗ್ಗುಲಲ್ಲಿ ಸೈಕಲ್ ಸಮೇತ ಒಬ್ಬ ಬಿದ್ದಿದ್ದನ್ನು ಕಂಡ. ಯಾವುದೋ ಲಾರಿ ಗುದ್ದಿ ಹೋಗಿತ್ತು. ಇವನು ತನ್ನ ಹೆಗಲ ಮೇಲಿನ ಟವೆಲ್ಲಿನಿಂದ ಅವನ ಕಾಲಿನ ಗಾಯವನ್ನು ಬಿಗಿದು ಕಟ್ಟಿ, ಹೊಟ್ಟನ್ನು ಅಲ್ಲಿಯೇ ಇಳುಹಿ, ಅವನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಆಸ್ಪತ್ರೆ ಮುಟ್ಟಿಸಿದ. ಆಸ್ಪತ್ರೆಯಲ್ಲಿ ಮೊದಲ ಮಾತು, "ಇದು ಪೊಲೀಸ್ ಕೇಸು, ಅವರು ಬರಲಿ" ಎಂದು. ಪೊಲೀಸರು ಬಂದ ಮೇಲೆ ಅವರ ಮೊದಲ ಮಾತು, "ನಿನ್ನ ಗಾಡಿಯೇ ಹಾಯ್ದಿರಬೇಕು" ಎಂದು. ಅರ್ಧರಾತ್ರಿಯವರೆಗೆ ಅವನನ್ನು ಠಾಣೆಯ ಕಟ್ಟೆಯ ಮೇಲೆ ಕೂರಿಸಿದರು. ಗಾಡಿ ಎರಡು ದಿನ ಅಲ್ಲಿಯೇ ನಿಂತಿತು. ಎತ್ತುಗಳಿಗೆ ಮೇವು ಹೊತ್ತುಕೊಂಡು ಅವನ ತಾಯಿ ನಡೆದುಹೋದಳು.

ಗಾಯಾಳು ಬದುಕಿದ. ಕಾಲು ತುಸು ಕುಂಟಾಯಿತು, ಅಷ್ಟೆ. ಅವನ ಮನೆಯವರು ಬಂದು ನಮ್ಮ ಯುವಕನಿಗೆ ಒಂದು ಹೊಸ ಟವೆಲ್ಲು, ಎರಡು ತೆಂಗಿನಕಾಯಿ ಕೊಟ್ಟು ಕೈಮುಗಿದು ಹೋದರು. ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮುಂದೆ ಮೂರು ವರ್ಷ ಅವನಿಗೆ ಸಮನ್ಸ್ ಬರುತ್ತಲೇ ಇದ್ದವು. ಅವನಿಗೆ ಓದು ಬರುತ್ತಿರಲಿಲ್ಲವಾದ್ದರಿಂದ ಪ್ರತಿ ಕಾಗದವನ್ನೂ ನನ್ನಲ್ಲಿಗೆ ತಂದು ಓದಿಸುತ್ತಿದ್ದ. ಒಂದೊಂದು ವಾಯಿದೆಗೂ ಒಂದು ದಿನದ ಕೂಲಿ ಹೋಯಿತು, ಬಸ್ಸಿನ ದುಡ್ಡು ಹೋಯಿತು. ಹೋದ ದಿನ ವಕೀಲರು ಬಂದಿರುತ್ತಿರಲಿಲ್ಲ. ವಕೀಲರು ಬಂದ ದಿನ ಸಾಹೇಬರು ರಜೆ. ಕೊನೆಗೊಮ್ಮೆ ಸಾಕ್ಷಿ ಹೇಳಿ ಬಂದ ದಿನ ನನ್ನ ಮನೆಯ ಕಟ್ಟೆಯ ಮೇಲೆ ಕುಳಿತು, "ಸರ, ಇನ್ನಮ್ಯಾಗ ನಮ್ಮಪ್ಪ ಬಿದ್ದಿದ್ರೂ ನಾ ಗಾಡಿ ಹೂಡಂಗಿಲ್ರಿ" ಎಂದ.

ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವನ ಮಗ ನನ್ನ ವಿದ್ಯಾರ್ಥಿ, ಇದನ್ನು ಓದುತ್ತಿರಲೂಬಹುದು. ನಾನು ಹೇಳಬೇಕಾದದ್ದು ಇಷ್ಟೆ: ಆ ಮಾತನ್ನು ಕೇಳಿದವನು ನಾನೊಬ್ಬನೇ ಅಲ್ಲ, ಇಡೀ ಊರು ಕೇಳಿತು. ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ನಮ್ಮ ಜನ ಸುಮ್ಮನೆ ಕಟ್ಟಿದ್ದಲ್ಲ. ಒಬ್ಬ ಪರೋಪಕಾರಿ ಮೂರು ವರ್ಷ ಅಲೆದದ್ದನ್ನು ಕಂಡ ಊರು ಮೂವತ್ತು ವರ್ಷ ಹೆದರುತ್ತದೆ.

ಈಗ ಓದಿ ತಿಳಿದುಕೊಂಡದ್ದಕ್ಕೆ ಬರುತ್ತೇನೆ.

ಸದ್ಭಾವನೆಯಿಂದ ಕೈಹಚ್ಚಿದವನನ್ನು ಶಿಕ್ಷಿಸಬಾರದೆಂಬ ವಿಚಾರ ನಮ್ಮ ಕಾನೂನಿಗೆ ಹೊಸದಲ್ಲ. 1860ರ ಭಾರತೀಯ ದಂಡ ಸಂಹಿತೆಯ 92ನೆಯ ಕಲಮಿನಲ್ಲಿಯೇ ಅದು ಇತ್ತು. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿಲ್ಲದ ಮನುಷ್ಯನಿಗೆ, ಅವನ ಪರವಾಗಿ ಒಪ್ಪಿಗೆ ಕೊಡಬಲ್ಲವರೂ ಹತ್ತಿರ ಇಲ್ಲದಾಗ, ಅವನ ಹಿತಕ್ಕಾಗಿಯೇ ಸದ್ಭಾವನೆಯಿಂದ ಮಾಡಿದ ಕಾರ್ಯದಿಂದ ಅವನಿಗೆ ಕೇಡಾದರೂ ಅದು ಅಪರಾಧವಲ್ಲ ಎಂದು ಅದರ ತಾತ್ಪರ್ಯ. ಆ ಕಲಮಿಗೆ ಕೊಟ್ಟಿರುವ ಉದಾಹರಣೆಗಳು ಪಾಠ ಮಾಡುವವನಿಗೆ ಬಹಳ ಹಿಡಿಸುತ್ತವೆ. ಹುಲಿಯೊಂದು ಮನುಷ್ಯನನ್ನು ಎಳೆದೊಯ್ಯುತ್ತಿದೆ. ಗುಂಡು ಅವನಿಗೇ ತಾಗಬಹುದೆಂದು ಗೊತ್ತಿದ್ದೂ ಒಬ್ಬ ಹುಲಿಗೆ ಗುಂಡು ಹಾರಿಸುತ್ತಾನೆ. ಗುಂಡು ಮನುಷ್ಯನಿಗೆ ತಾಗುತ್ತದೆ. ಅಪರಾಧವಲ್ಲ. ಮನೆಗೆ ಬೆಂಕಿ ಬಿದ್ದಿದೆ; ಕೆಳಗೆ ಜನ ಕಂಬಳಿ ಹಿಡಿದು ನಿಂತಿದ್ದಾರೆ; ಮೇಲಿನಿಂದ ಒಬ್ಬ ಮಗುವನ್ನು ಕೆಳಗೆ ಬಿಡುತ್ತಾನೆ; ಮಗು ಉಳಿಯುವುದಿಲ್ಲ. ಆಗಲೂ ಅಪರಾಧವಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದೇ ವಿಚಾರ 30ನೆಯ ಕಲಮಿನಲ್ಲಿ ಮುಂದುವರಿದಿದೆ.

ಹಾಗಿದ್ದ ಮೇಲೆ ಗಾಡಿಯವನು ಏಕೆ ಅಲೆದ? ಏಕೆಂದರೆ ಅವನನ್ನು ಬಾಧಿಸಿದ್ದು ಶಿಕ್ಷೆಯಲ್ಲ, ಅಲೆದಾಟ. ಹಳೆಯ ಕಲಮು ಅವನನ್ನು ಜೈಲಿನಿಂದ ಕಾಯುತ್ತಿತ್ತು. ಠಾಣೆಯ ಕಟ್ಟೆಯಿಂದ, ಸಮನ್ಸಿನಿಂದ, ಕೂಲಿಯ ನಷ್ಟದಿಂದ ಕಾಯುತ್ತಿರಲಿಲ್ಲ. ಆ ಕೊರತೆಯನ್ನು ತುಂಬಲು ದೇಶಕ್ಕೆ ಬಹುಕಾಲ ಹಿಡಿಯಿತು.

ಮೊದಲ ಹೆಜ್ಜೆಯನ್ನು ಇಟ್ಟದ್ದು ಸರ್ವೋಚ್ಚ ನ್ಯಾಯಾಲಯ. ಒಬ್ಬ ಸ್ಕೂಟರ್ ಸವಾರನಿಗೆ ಕಾರು ಗುದ್ದಿತ್ತು. ಹತ್ತಿರದ ಆಸ್ಪತ್ರೆಯವರು, ಇಂಥ ಪ್ರಕರಣ ನೋಡುವ ಅಧಿಕಾರ ತಮಗಿಲ್ಲವೆಂದು ಇಪ್ಪತ್ತು ಕಿಲೋಮೀಟರ್ ದೂರದ ಮತ್ತೊಂದು ಆಸ್ಪತ್ರೆಗೆ ಕಳುಹಿಸಿದರು. ಅಲ್ಲಿ ಸೇರುವ ಮುನ್ನವೇ ಆತ ತೀರಿಕೊಂಡ. ಈ ಪತ್ರಿಕಾ ವರದಿಯನ್ನು ಹಿಡಿದು ಪರಮಾನಂದ ಕಟಾರಾ ಎಂಬವರು ನ್ಯಾಯಾಲಯಕ್ಕೆ ಹೋದರು. 1989ರ ಆಗಸ್ಟ್ 28ರಂದು ಬಂದ ತೀರ್ಪು, ಜೀವ ಉಳಿಸುವುದೇ ವೈದ್ಯನ ಮೊದಲ ಕರ್ತವ್ಯ, ಪೊಲೀಸರ ವಿಧಿವಿಧಾನಗಳು ಆಮೇಲಿನವು ಎಂದು ಸಾರಿತು. ನಮ್ಮ ಗಾಡಿಯವನಿಗೆ ಆಸ್ಪತ್ರೆಯ ಬಾಗಿಲಲ್ಲಿ "ಪೊಲೀಸರು ಬರಲಿ" ಎಂದು ಹೇಳಿದಾಗ ಈ ತೀರ್ಪು ಬಂದು ವರ್ಷಗಳೇ ಕಳೆದಿದ್ದವೆಂಬುದನ್ನು ಗಮನಿಸಿ. ದೆಹಲಿಯಲ್ಲಿ ಬರೆದದ್ದು ನಮ್ಮ ಕಡೆಯ ಹಳ್ಳಿಗಳಿಗೆ ಬರುವಾಗ ಬಹಳ ನಿಧಾನವಾಗಿ ನಡೆದು ಬರುತ್ತದೆ.

ಎರಡನೆಯ ಹೆಜ್ಜೆ ಒಂದು ಮನೆಯ ದುಃಖದಿಂದ ಹುಟ್ಟಿತು. 2007ರಲ್ಲಿ ಶಾಲೆಯಿಂದ ಮನೆಗೆ ಬರುತ್ತಿದ್ದ ಹದಿನೇಳರ ಹುಡುಗನೊಬ್ಬ ಅಪಘಾತಕ್ಕೆ ಸಿಕ್ಕಿ, ರಸ್ತೆಯಲ್ಲಿ ಹೋಗುತ್ತಿದ್ದವರಾರೂ ನೆರವಾಗದೆ ಅಸುನೀಗಿದ. ಅವನ ಸೋದರಸಂಬಂಧಿ ಪೀಯೂಷ್ ತಿವಾರಿಯವರು ಮರುವರ್ಷ ಸೇವ್‌ಲೈಫ್ ಫೌಂಡೇಶನ್ ಎಂಬ ಸಂಸ್ಥೆಯನ್ನು ಕಟ್ಟಿ, 2012ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಸಾರ್ವಜನಿಕ ಹಿತಾಸಕ್ತಿಯ ಅರ್ಜಿ ಹಾಕಿದರು. ಆ ಸಂಸ್ಥೆ 2013ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ನಾಲ್ವರಲ್ಲಿ ಮೂವರು, ಗಾಯಾಳುವಿಗೆ ನೆರವಾಗಲು ಹಿಂಜರಿಯುತ್ತೇವೆ ಎಂದರು. ಹಾಗೆಂದವರಲ್ಲಿ ಶೇಕಡ 88 ಮಂದಿ ಕೊಟ್ಟ ಕಾರಣ ಪೊಲೀಸರ ವಿಚಾರಣೆ ಮತ್ತು ಕೋರ್ಟಿನ ಅಲೆದಾಟದ ಭಯ. ಮಸರಕಲ್ಲಿನ ಕಟ್ಟೆಯ ಮೇಲೆ ನಾನು ಕೇಳಿದ ಮಾತು ದೇಶದ ಮಾತೇ ಆಗಿತ್ತು. ಕೇಂದ್ರ ಸರ್ಕಾರ 2015ರ ಮೇ ತಿಂಗಳಿನಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿತು. 2016ರ ಮಾರ್ಚ್ 30ರಂದು, ನಮ್ಮ ಕನ್ನಡನಾಡಿನವರೇ ಆದ ನ್ಯಾಯಮೂರ್ತಿ ವಿ. ಗೋಪಾಲಗೌಡರೂ ಇದ್ದ ಪೀಠ ಅವುಗಳಿಗೆ ಕಾನೂನಿನ ಬಲವನ್ನು ಕೊಟ್ಟಿತು.

ಅದೇ ವರ್ಷ ಫೆಬ್ರವರಿ 16ರಂದು ನೆಲಮಂಗಲದ ಬಳಿ ನಡೆದದ್ದು ನಿಮಗೆ ನೆನಪಿರಬಹುದು. ಗುಬ್ಬಿ ತಾಲ್ಲೂಕಿನ ತಮ್ಮೂರಿನಲ್ಲಿ ಪಂಚಾಯಿತಿ ಚುನಾವಣೆಗೆ ಮತ ಹಾಕಿ ಬೈಕಿನಲ್ಲಿ ಬೆಂಗಳೂರಿಗೆ ಮರಳುತ್ತಿದ್ದ ಹರೀಶ್ ಎಂಬ ತರುಣನ ದೇಹ ಲಾರಿಗೆ ಸಿಕ್ಕಿ ಎರಡು ಭಾಗವಾಯಿತು. ಆ ಸ್ಥಿತಿಯಲ್ಲಿಯೂ ಆತ ತನ್ನ ಕಣ್ಣುಗಳನ್ನು ದಾನ ಮಾಡಿರೆಂದು ಕೇಳಿಕೊಂಡ. ಸರ್ಕಾರ ಮರುತಿಂಗಳೇ ಅವನ ಹೆಸರಿನಲ್ಲಿ 'ಮುಖ್ಯಮಂತ್ರಿಗಳ ಸಾಂತ್ವನ ಹರೀಶ್ ಯೋಜನೆ'ಯನ್ನು ಆರಂಭಿಸಿತು; ಅಪಘಾತಕ್ಕೀಡಾದವರಿಗೆ ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿಗಳವರೆಗಿನ ಚಿಕಿತ್ಸೆಯ ವೆಚ್ಚವನ್ನು ಭರಿಸುವ ಯೋಜನೆ ಅದು. ಆ ವರ್ಷವೇ ನಮ್ಮ ವಿಧಾನಮಂಡಲ, ನೆರವಾಗುವವರ ಮತ್ತು ವೈದ್ಯರ ರಕ್ಷಣೆಗಾಗಿ ಪ್ರತ್ಯೇಕ ಮಸೂದೆಯನ್ನು ಅಂಗೀಕರಿಸಿತು. 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಇಂಥ ಶಾಸನವನ್ನು ಮಾಡಿದ ಮೊದಲ ರಾಜ್ಯ ನಮ್ಮದೆಂಬುದು ಹೆಮ್ಮೆಯ ಸಂಗತಿ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವನು ಕೂಡಲೇ ಹೊರಟುಹೋಗಬಹುದು. ಠಾಣೆಗೋ ಕೋರ್ಟಿಗೋ ಬರಲೇಬೇಕಾದ ಸಂದರ್ಭದಲ್ಲಿ ಓಡಾಟದ ವೆಚ್ಚಕ್ಕೆ ಪ್ರತ್ಯೇಕ ನಿಧಿ ಇರಬೇಕು ಎಂಬುದು ಅದರ ಆಶಯ. ಅದುವರೆಗೆ ಯಾರೂ ಎಣಿಸದಿದ್ದ ಒಂದು ದಿನದ ಕೂಲಿಯನ್ನು ಕಾನೂನು ಮೊದಲ ಬಾರಿಗೆ ಎಣಿಸಿತು.

ಆಮೇಲೆ 2019ರ ತಿದ್ದುಪಡಿಯ ಮೂಲಕ ಮೋಟಾರು ವಾಹನಗಳ ಕಾಯಿದೆಗೆ 134ಎ ಎಂಬ ಕಲಮು ಸೇರಿತು. ಅದರ ನಿಯಮಗಳು 2020ರ ಸೆಪ್ಟೆಂಬರ್ 29ರಂದು ಹೊರಬಂದವು. ಈ ನಿಯಮಗಳನ್ನು ನಮ್ಮ ಗಾಡಿಯವನ ಆ ಸಂಜೆಯ ಪಕ್ಕದಲ್ಲಿಟ್ಟು ಓದಿದರೆ ಅವುಗಳ ಬೆಲೆ ತಿಳಿಯುತ್ತದೆ.

ಅವನು ಟವೆಲ್ ಕಟ್ಟಿದ್ದರಲ್ಲಿ ಏನಾದರೂ ಲೋಪವಾಗಿ ಗಾಯ ಹೆಚ್ಚಾಗಿದ್ದರೆ, ಗಾಡಿಯ ಕುಲುಕಾಟಕ್ಕೆ ಆತ ದಾರಿಯಲ್ಲಿಯೇ ಸತ್ತಿದ್ದರೆ? ಸದ್ಭಾವನೆಯಿಂದ, ಸ್ವಇಚ್ಛೆಯಿಂದ, ಪ್ರತಿಫಲ ಬಯಸದೆ ನೆರವಾದವನ ಮೇಲೆ ಅದಕ್ಕಾಗಿ ಸಿವಿಲ್ ದಾವೆಯನ್ನೂ ಹೂಡುವಂತಿಲ್ಲ, ಕ್ರಿಮಿನಲ್ ಮೊಕದ್ದಮೆಯನ್ನೂ ಹಾಕುವಂತಿಲ್ಲ. ಠಾಣೆಯಲ್ಲಿ ಅವನ ಹೆಸರು, ವಿಳಾಸ ಕೇಳಿದರಲ್ಲ? ಈಗ ಪೊಲೀಸರಾಗಲಿ ಮತ್ತಾರೇ ಆಗಲಿ ಅವನ್ನು ಹೇಳೆಂದು ಬಲವಂತ ಮಾಡುವಂತಿಲ್ಲ. ಹೇಳುವುದು ಬಿಡುವುದು ಅವನ ಇಷ್ಟ. ಸಾಕ್ಷಿ ಹೇಳುವುದೂ ಅವನ ಇಷ್ಟವೇ. ಹೇಳುತ್ತೇನೆಂದು ಒಪ್ಪಿದರೆ, ಅವನ ಮನೆಯಲ್ಲೋ ಕೆಲಸದ ಜಾಗದಲ್ಲೋ ಅವನಿಗೆ ಅನುಕೂಲವಾದ ಹೊತ್ತಿನಲ್ಲಿ ತನಿಖಾಧಿಕಾರಿ ಸಾದಾ ಉಡುಪಿನಲ್ಲಿ ಬಂದು ಕೇಳಬೇಕು. ಅವನೇ ಠಾಣೆಗೆ ಬರುವುದಾದರೆ ಒಂದೇ ಬಾರಿಗೆ, ಮಿತವಾದ ಅವಧಿಯಲ್ಲಿ ವಿಚಾರಣೆ ಮುಗಿಯಬೇಕು. ಅವನ ಭಾಷೆ ಅಧಿಕಾರಿಗೆ ಬಾರದಿದ್ದರೆ ದುಭಾಷಿಯನ್ನು ಒದಗಿಸಬೇಕು.

ಇನ್ನೊಂದು ನಿಯಮವಿದೆ, ನಾನು ಅದನ್ನು ಎರಡು ಸಲ ಓದಿದೆ. ನೆರವಾದವನನ್ನು ಧರ್ಮ, ರಾಷ್ಟ್ರೀಯತೆ, ಜಾತಿ, ಲಿಂಗಗಳ ಭೇದವಿಲ್ಲದೆ ಗೌರವದಿಂದ ನಡೆಸಿಕೊಳ್ಳಬೇಕು ಎನ್ನುತ್ತದೆ ಅದು. ಆ ರಾತ್ರಿ ಅವನನ್ನು ಕಟ್ಟೆಯ ಮೇಲೆ ಕೂರಿಸಿದ ರೀತಿಗೂ ಅವನ ಕೇರಿಗೂ ಸಂಬಂಧವಿತ್ತು. ನಮ್ಮ ಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊರ ಗೌಡರು ಗಾಯಾಳುವನ್ನು ತಂದಿದ್ದರೆ ಅವರಿಗೆ ಕುರ್ಚಿ ಸಿಗುತ್ತಿತ್ತು, ಚಹವೂ ಬರುತ್ತಿತ್ತು.

ಈ ಕಾನೂನಿಗೆ 'ಗುಡ್ ಸಮಾರಿಟನ್' ಎಂಬ ಹೆಸರು ಏಕೆ ಬಂತೆಂದು ಹಲವರು ಕೇಳುತ್ತಾರೆ. ಬೈಬಲಿನಲ್ಲಿ ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಯೇಸು ಹೇಳುವ ಸಾಮತಿ ಅದು. ಜೆರುಸಲೇಮಿನಿಂದ ಜೆರಿಕೋಗೆ ಹೋಗುತ್ತಿದ್ದವನನ್ನು ಕಳ್ಳರು ಬಡಿದು ಬಿಸಾಡಿದರು. ದೇವಾಲಯದ ಯಾಜಕ ನೋಡಿಯೂ ಆಚೆಯ ಬದಿಯಿಂದ ಹೋದ. ಅವನ ಹಿಂದೆ ಬಂದ ಲೇವಿಯನೂ ಹಾಗೆಯೇ ಹೋದ. ಯೆಹೂದ್ಯರು ಕೀಳಾಗಿ ಕಾಣುತ್ತಿದ್ದ ಸಮಾರ್ಯದವನೊಬ್ಬ ನಿಂತು, ಗಾಯ ಕಟ್ಟಿ, ತನ್ನ ಪಶುವಿನ ಮೇಲೆ ಕೂರಿಸಿ ಛತ್ರಕ್ಕೆ ಒಯ್ದ, ಖರ್ಚಿಗೆ ಹಣವನ್ನೂ ಕೊಟ್ಟ. ಕಥೆಯ ಸಾರವಿರುವುದು ಆ ಸಮಾರ್ಯದವನ ಕುಲದಲ್ಲಿ. ಎತ್ತಿನ ಗಾಡಿಯವನನ್ನು ಬಲ್ಲವರಿಗೆ ಈ ಕಥೆ ಪರದೇಶದ್ದೆಂದು ಅನ್ನಿಸುವುದಿಲ್ಲ.

ಇನ್ನು ಕಾನೂನಿನ ಮಿತಿಗಳನ್ನೂ ಹೇಳಬೇಕು. 134ಎ ಕಲಮು ಅನ್ವಯವಾಗುವುದು ಮೋಟಾರು ವಾಹನದ ಅಪಘಾತಗಳಿಗೆ ಮಾತ್ರ. ಹೊಲದಲ್ಲಿ ಹಾವು ಕಚ್ಚಿದವನನ್ನೋ ಹತ್ತಿಗೆ ಎಣ್ಣೆ ಹೊಡೆಯುವಾಗ ತಲೆಸುತ್ತಿ ಬಿದ್ದವನನ್ನೋ ಎತ್ತಿ ಒಯ್ದವನಿಗೆ ಆಸರೆಯಾಗಿರುವುದು ನಾನು ಮೇಲೆ ಹೇಳಿದ ಹುಲಿಯ ಉದಾಹರಣೆಯ ಹಳೆಯ ತತ್ತ್ವವೇ. ಅಪಘಾತ ಮಾಡಿದ ಚಾಲಕ ಈ ಕಲಮಿನ ಹಿಂದೆ ಅಡಗಲಾರ; ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು 1988ರ ಕಾಯಿದೆಯ ಪ್ರಕಾರ ಅವನ ಕರ್ತವ್ಯ. ನೆರವಿನ ನೆಪದಲ್ಲಿ ಗಾಯಾಳುವಿನ ಕೊರಳ ಸರಕ್ಕೆ ಕೈ ಹಾಕಿದವನಿಗೂ ರಕ್ಷಣೆಯಿಲ್ಲ. ಅಲ್ಲಿ ಸದ್ಭಾವನೆಯೇ ಇಲ್ಲ. ಕೊನೆಯದಾಗಿ, ನೆರವಾಗಲೇಬೇಕೆಂದು ಈ ಕಾನೂನು ದಾರಿಹೋಕನನ್ನು ಕಟ್ಟುಪಡಿಸುವುದಿಲ್ಲ. ಅದು ಅಡ್ಡಿಗಳನ್ನು ತೆಗೆಯುತ್ತದೆ, ಅಷ್ಟೆ. ನಿಲ್ಲುವುದು ನಮಗೆ ಬಿಟ್ಟದ್ದು.

ಭಯವೊಂದೇ ಕಾರಣವೂ ಅಲ್ಲ. 2017ರ ಫೆಬ್ರವರಿಯಲ್ಲಿ ನಮ್ಮ ನೆರೆಯ ಕೊಪ್ಪಳದಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದ ಹುಡುಗನೊಬ್ಬ ಬಸ್ಸಿಗೆ ಸಿಕ್ಕಿ ರಸ್ತೆಯಲ್ಲಿ ನೆತ್ತರು ಸುರಿಸುತ್ತ ಬಿದ್ದಿದ್ದ. ಸುತ್ತ ನಿಂತವರಲ್ಲಿ ಹಲವರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರು. ಆ ಹುಡುಗ ಉಳಿಯಲಿಲ್ಲ. ಚಿತ್ರ ತೆಗೆಯುವವನಿಗೆ ಸಾಕ್ಷಿಯಾಗುವ ಭಯವಿಲ್ಲವೆಂದಾಯಿತಲ್ಲ! ಅವನ ಕೈಯಲ್ಲಿರುವುದೇ ಸಾಕ್ಷ್ಯ. ಆದ್ದರಿಂದ "ಕೇಸು ಆಗುತ್ತದೆ" ಎಂಬುದು ಕೆಲವರಿಗೆ ನಿಜವಾದ ಅಂಜಿಕೆ, ಕೆಲವರಿಗೆ ಅನುಕೂಲವಾದ ನೆಪ. ಕಾನೂನು ಅಂಜಿಕೆಯನ್ನು ಹೋಗಲಾಡಿಸಬಲ್ಲದು. ನೆಪವನ್ನು ಬಿಡಿಸಬೇಕಾದವರು ಮನೆಯವರು, ಶಾಲೆಯವರು.

ಬಹುಮಾನವೂ ಇದೆ. ಗಂಭೀರವಾಗಿ ಗಾಯಗೊಂಡವರನ್ನು ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆ ಮುಟ್ಟಿಸಿದವರಿಗೆ 5,000 ರೂಪಾಯಿ ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರ 2021ರಲ್ಲಿ ತಂದಿತು. 2025ರಲ್ಲಿ ಅದು 25,000 ರೂಪಾಯಿಗೆ ಏರಿತು. 2025ರ ಮೇ ತಿಂಗಳಿನಲ್ಲಿ, ಅಪಘಾತಕ್ಕೀಡಾದವರಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಗಳ ಮಿತಿಯಲ್ಲಿ ನಗದುರಹಿತ ಚಿಕಿತ್ಸೆ ಕೊಡುವ ಯೋಜನೆಯೂ ಪ್ರಕಟವಾಯಿತು. "ತಂದವನೇ ಬಿಲ್ಲು ಕಟ್ಟಬೇಕೇನೋ" ಎಂಬ ಶಂಕೆಗೆ ಇದು ಒಳ್ಳೆಯ ಉತ್ತರ. ಆದರೂ ಹಣಕ್ಕಿಂತ ಆ ಒಂದು ಗಂಟೆ ದೊಡ್ಡದು. ನಮ್ಮ ಜಿಲ್ಲೆಯಲ್ಲಿ ದೊಡ್ಡ ಆಸ್ಪತ್ರೆಗಳೆಂದರೆ ರಾಯಚೂರಿನ ರಿಮ್ಸ್, ಓಪೆಕ್. ದೇವದುರ್ಗದ ಹಳ್ಳಿಗಳಿಂದ ಅಲ್ಲಿಗೆ ಮುಟ್ಟುವಷ್ಟರಲ್ಲಿ ಆ ಗಂಟೆಯ ಬಹುಪಾಲು ದಾರಿಯಲ್ಲಿಯೇ ಕಳೆಯುತ್ತದೆ. 2008ರಿಂದ 108 ಆಂಬುಲೆನ್ಸ್ ಇದೆ, ನಿಜ. ಅದು ಬರುವವರೆಗಿನ ನಿಮಿಷಗಳು ಪಕ್ಕದ ಹೊಲದವನವು.

2022ರ ಆಗಸ್ಟಿನಲ್ಲಿ ಶಿರಾ ಬಳಿ ಲಾರಿಗೆ ಡಿಕ್ಕಿಯಾದ ಕ್ರೂಸರ್‌ನಲ್ಲಿ ಇದ್ದವರು ಬೆಂಗಳೂರಿಗೆ ದುಡಿಯಲು ಹೊರಟಿದ್ದ ನಮ್ಮ ರಾಯಚೂರು ಜಿಲ್ಲೆಯ ಜನ. ಒಂಬತ್ತು ಮಂದಿ ತೀರಿಕೊಂಡರು. 2024ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನದಂದೇ, ಮಾನ್ವಿ ತಾಲ್ಲೂಕಿನ ಕಪಗಲ್ ಬಳಿ ಶಾಲಾ ವಾಹನಕ್ಕೂ ಸರ್ಕಾರಿ ಬಸ್ಸಿಗೂ ಡಿಕ್ಕಿಯಾಗಿ ಇಬ್ಬರು ಮಕ್ಕಳು ಸತ್ತರು, ಹಲವರು ತೀವ್ರವಾಗಿ ಗಾಯಗೊಂಡರು. ಆ ದಿನ ನನಗೆ ಬಂದ ಶುಭಾಶಯಗಳಿಗೆ ಉತ್ತರಿಸಲು ಮನಸ್ಸಾಗಲಿಲ್ಲ. ಗುಳೆ ಹೋಗುವ ಜನ ನಾವು. ನಮ್ಮವರು ಎಲ್ಲಿಯೋ ದೂರದ ರಸ್ತೆಯಲ್ಲಿ ಬಿದ್ದಾಗ ಎತ್ತುವವರು ನಮ್ಮ ಹೆಸರು ಕೇಳದವರು, ನಮ್ಮ ಊರು ಕಾಣದವರು. ಅವರು ನಿಲ್ಲಬೇಕೆಂದು ಬಯಸುವ ನಾವು ನಮ್ಮೂರ ರಸ್ತೆಯಲ್ಲಿ ನಿಲ್ಲದಿದ್ದರೆ ಯಾವ ಮುಖದಿಂದ ಬಯಸುವುದು?

ನಿಂತ ಮೇಲೆ ಏನು ಮಾಡಬೇಕೆಂಬುದನ್ನು ಹಳೆಯ ಪಾಠದಂತೆ ಮತ್ತೊಮ್ಮೆ ಹೇಳಿಬಿಡುತ್ತೇನೆ. ಮೊದಲು ಹಿಂದಿನಿಂದ ಬರುವ ವಾಹನಗಳನ್ನು ನೋಡಿಕೊಂಡು ನಿಮ್ಮ ಜೀವ ಕಾಪಾಡಿಕೊಳ್ಳಿ. 108ಕ್ಕೋ 112ಕ್ಕೋ ಕರೆ ಮಾಡಿ, ಜಾಗದ ಗುರುತನ್ನು ಸ್ಪಷ್ಟವಾಗಿ ಹೇಳಿ. ರಕ್ತ ಸುರಿಯುವಲ್ಲಿ ಶುದ್ಧವಾದ ಬಟ್ಟೆಯನ್ನಿಟ್ಟು ಅಂಗೈಯಿಂದ ಬಿಡದೆ ಒತ್ತಿ ಹಿಡಿಯಿರಿ. ಎಚ್ಚರವಿಲ್ಲದವನ ಬಾಯಿಗೆ ನೀರು ಹಾಕಬೇಡಿ. ನಮ್ಮವರು ಪ್ರೀತಿಯಿಂದ ಮಾಡುವ ಈ ಕೆಲಸ ಉಸಿರುಕಟ್ಟಿಸಬಲ್ಲದು. ಕುತ್ತಿಗೆಗೋ ಬೆನ್ನಿಗೋ ಪೆಟ್ಟಾಗಿರುವಂತೆ ಕಂಡರೆ, ಬೆಂಕಿ ಮುಂತಾದ ಅಪಾಯವಿಲ್ಲದ ಹೊರತು ಎಳೆದಾಡಬೇಡಿ. ಹೊರಡಿಸಲೇಬೇಕಾದಾಗ ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರುವಂತೆ ನಾಲ್ವರು ಸೇರಿ ಎತ್ತಿ. ಗುಂಪನ್ನು ಸರಿಸಿ, ಗಾಳಿಗೆ ದಾರಿ ಮಾಡಿ. ಬಿದ್ದವನ ಸಂಗಡ ಮಾತಾಡುತ್ತಿರಿ. ಇಷ್ಟಕ್ಕೆ ವೈದ್ಯಕೀಯ ಪದವಿ ಬೇಡ.

ಸೇವ್‌ಲೈಫ್ ಸಂಸ್ಥೆ 2018ರಲ್ಲಿ ಮತ್ತೆ ಸಮೀಕ್ಷೆ ಮಾಡಿದಾಗ ಶೇಕಡ 84 ಮಂದಿಗೆ ಇಂಥ ರಕ್ಷಣೆ ಇರುವುದೇ ಗೊತ್ತಿರಲಿಲ್ಲ. ಗೊತ್ತಿಲ್ಲದ ಹಕ್ಕು ಪೆಟ್ಟಿಗೆಯಲ್ಲಿಟ್ಟ ಛತ್ರಿಯಂತೆ, ಮಳೆ ಬಂದಾಗ ಉಪಯೋಗಕ್ಕಿಲ್ಲ. ಆದ್ದರಿಂದ ನಿಮ್ಮಲ್ಲಿ ಒಂದು ಕೋರಿಕೆ. ನೆರವಾದವನ ಹಕ್ಕುಗಳನ್ನು ಹಿಂದಿ, ಇಂಗ್ಲಿಷ್ ಮತ್ತು ಸ್ಥಳೀಯ ಭಾಷೆಯಲ್ಲಿ ಬರೆದು ಪ್ರವೇಶದ್ವಾರದಲ್ಲೋ ಎದ್ದು ಕಾಣುವ ಬೇರೆ ಜಾಗದಲ್ಲೋ ಪ್ರಕಟಿಸಬೇಕೆಂದು ನಿಯಮ ಪ್ರತಿಯೊಂದು ಆಸ್ಪತ್ರೆಗೂ, ಅದು ಸರ್ಕಾರದ್ದಿರಲಿ ಖಾಸಗಿಯದಿರಲಿ, ವಿಧಿಸಿದೆ. ಮುಂದಿನ ಸಲ ನಿಮ್ಮ ಊರಿನ ಆಸ್ಪತ್ರೆಗೆ ಹೋದಾಗ ಆ ಫಲಕ ಇದೆಯೇ ನೋಡಿ. ಇಲ್ಲದಿದ್ದರೆ ಸೌಜನ್ಯದಿಂದ ಕೇಳಿ. ನೀವು ಕೇಳುತ್ತಿರುವುದು ಉಪಕಾರವನ್ನಲ್ಲ, ನಿಯಮದಲ್ಲಿರುವುದನ್ನು. ಇದ್ದರೆ ಕನ್ನಡದ ಭಾಗವನ್ನು ಪಕ್ಕದಲ್ಲಿ ನಿಂತ ಓದು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳಿ. ನಮ್ಮ ಕಡೆ ಗಾಡಿ ಹೂಡುವವರು, ಟಂಟಂ ಓಡಿಸುವವರು, ಹೊಲದಿಂದ ಮೊದಲು ಓಡಿ ಬರುವವರು ಬಹುತೇಕ ಅವರೇ.

ಎಲ್ಲರಿಗೂ ಶುಭವಾಗಲಿ. ರಸ್ತೆಯಲ್ಲಿ ಜೋಪಾನವಾಗಿ ಹೋಗಿಬನ್ನಿರಿ.